ದುಡ್ಡು ಕೊಟ್ಟೆ, ಲ್ಯಾಪ್‌ಟಾಪ್ ಮಾತ್ರ ನನ್ನದಾಗಲಿಲ್ಲ

ಲ್ಯಾಪ್‌ಟಾಪ್ ಬಂದ ಹನ್ನೆರಡನೇ ದಿನ ರೀಸೆಟ್ ಒತ್ತಿದೆ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಆನ್‌ಲೈನ್‌ನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅದು. ಮೇಲೆ ಒಂದು ಗೀರೂ ಇರಲಿಲ್ಲ. ಹಿಂದಿನವರ ಕಸ ಏನಾದರೂ ಒಳಗಿದ್ದರೆ ಹೋಗಲಿ ಅಂತ ವಿಂಡೋಸನ್ನು ಹೊಸದಾಗಿ ಹಾಕಲು ಹೊರಟಿದ್ದೆ. ಭಾಷೆ ಕೇಳಿತು, ಕೀಬೋರ್ಡ್ ಕೇಳಿತು, ವೈಫೈ ಕೇಳಿತು. ವೈಫೈ ಕೊಟ್ಟ ಸ್ವಲ್ಪ ಹೊತ್ತಿಗೆ ನಾನು ಹೆಸರೇ ಕೇಳಿರದ ಒಂದು ಕಂಪನಿಯ ಲೋಗೋ ತೆರೆಯ ಮೇಲೆ ಬಂತು. ಆಫೀಸಿನ ಇಮೇಲ್ ಹಾಕಿ, ಪಾಸ್‌ವರ್ಡ್ ಹಾಕಿ ಅಂತ ಕೇಳುತ್ತಾ ನಿಂತಿತು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ದೊಡ್ಡ ಕಂಪನಿಗಳು ತಮ್ಮ ಲ್ಯಾಪ್‌ಟಾಪ್‌ಗಳನ್ನು ಮೈಕ್ರೋಸಾಫ್ಟ್‌ನ ಆಟೋಪೈಲಟ್ ಎಂಬ ವ್ಯವಸ್ಥೆಯಲ್ಲಿ ನೋಂದಾಯಿಸಿಡುತ್ತವೆ. ಆ ಗುರುತು ಇರುವುದು ಡಿಸ್ಕ್‌ನಲ್ಲಲ್ಲ, ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ. ಆದ್ದರಿಂದ ಡಿಸ್ಕ್ ಅಳಿಸಿದರೂ ಅದು ಹೋಗುವುದಿಲ್ಲ. ಹೊಸದಾಗಿ ವಿಂಡೋಸ್ ಹಾಕಿ ಸೆಟಪ್ ಮಾಡುವಾಗ ಇಂಟರ್ನೆಟ್‌ಗೆ ಸೇರಿಸಿದ ಕೂಡಲೇ ಹಳೆಯ ಒಡೆಯ ಎದುರಿಗೆ ಬಂದು ನಿಲ್ಲುತ್ತಾನೆ. ನನಗೆ ಮಾರಿದವನು ಸೆಟಪ್ ಹೊತ್ತಿನಲ್ಲಿ ಇಂಟರ್ನೆಟ್ ಕೊಡದೆ, ಬರೀ ಲೋಕಲ್ ಅಕೌಂಟ್, ಅಂದರೆ ಆ ಲ್ಯಾಪ್‌ಟಾಪ್‌ನೊಳಗಷ್ಟೇ ಇರುವ ಖಾತೆ, ಮಾಡಿ ಕಳಿಸಿದ್ದ. ಅದಕ್ಕೇ ಹನ್ನೊಂದು ದಿನ ಏನೂ ಗೊತ್ತಾಗಲಿಲ್ಲ.

ಅದೇ ದಾರಿಯಲ್ಲಿ ನಾನೂ ದಾಟಬಹುದಿತ್ತು. ಗೆಳೆಯರೊಬ್ಬರು ಹೇಳಿಯೂ ಕೊಟ್ಟರು. ಮನಸ್ಸು ಒಪ್ಪಲಿಲ್ಲ. ಕಂಪನಿ ಅದನ್ನು ಮಾರಿ ಪಟ್ಟಿಯಿಂದ ತೆಗೆಯಲು ಮರೆತಿತ್ತೋ, ಯಾರಾದರೂ ಎತ್ತಿಕೊಂಡು ಬಂದಿದ್ದರೋ, ನನಗೆ ತಿಳಿಯುವ ದಾರಿಯೇ ಇರಲಿಲ್ಲ. ಮಾರಿದವನ ಫೋನ್ ಸ್ವಿಚ್ ಆಫ್. ಮಾರಾಟ ನಡೆದ ಜಾಲತಾಣದಲ್ಲಿ ವಾಪಸ್ ಕೊಡಲು ಇದ್ದದ್ದು ಏಳು ದಿನ. ಆ ಕಂಪನಿಗೆ ಸೀರಿಯಲ್ ನಂಬರ್ ಸಮೇತ ಮೇಲ್ ಹಾಕಿದೆ. ನಮ್ಮದೇ, ಕಳಿಸಿಕೊಡಿ ಅಂತ ಉತ್ತರ ಬಂತು. ಕಳಿಸಿಕೊಟ್ಟೆ. ಕೊರಿಯರ್ ಖರ್ಚು ಅವರೇ ಕೊಟ್ಟರು, ಅಷ್ಟೇ ಸಮಾಧಾನ.

ಹಳೆಯ ಲ್ಯಾಪ್‌ಟಾಪ್ ಅಂದರೆ ಎಲ್ಲರೂ ಬ್ಯಾಟರಿ, ಸ್ಕ್ರೀನ್ ಅಂತ ಹೆದರುತ್ತಾರೆ. ನಾನೂ ಹಾಗೇ ಇದ್ದೆ. ಬ್ಯಾಟರಿ ಕೆಟ್ಟರೆ ಬದಲಾಯಿಸಬಹುದು. ಬೀಗ ಬಿದ್ದಿದ್ದರೆ ಏನು ಮಾಡುವುದು? ಮ್ಯಾಕ್‌ಬುಕ್‌ನಲ್ಲಂತೂ ಇದು ಇನ್ನೂ ಬಿಗಿ. ಆಪಲ್‌ನ ಟಿ2 ಎಂಬ ಭದ್ರತಾ ಚಿಪ್ ಅಥವಾ ಆಪಲ್‌ನದೇ ಪ್ರೊಸೆಸರ್ ಇರುವ ಮ್ಯಾಕ್‌ಬುಕ್‌ನಲ್ಲಿ ಹಿಂದಿನವರು ಫೈಂಡ್ ಮೈ (ಕಳೆದ ಯಂತ್ರ ಹುಡುಕುವ ಸೌಲಭ್ಯ) ಆಫ್ ಮಾಡದೆ ಕೊಟ್ಟರೆ ಆಕ್ಟಿವೇಶನ್ ಲಾಕ್ ಎಂಬ ಬೀಗ ಅವರ ಖಾತೆಗೇ ಉಳಿದುಬಿಡುತ್ತದೆ. ಕಂಪನಿಗಳಿಗಾಗಿಯೇ ಮಾಡಿದ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ (ವಿಂಡೋಸ್‌ಗೂ ಮುಂಚೆ ಓಡುವ, ಯಂತ್ರದೊಳಗಿನ ಮೂಲ ತಂತ್ರಾಂಶ) ಪಾಸ್‌ವರ್ಡ್ ಅನ್ನೋದು ಬೇರೆ ಇರಬಹುದು. ಒಳಗಿನ ಚಿಕ್ಕ ಬ್ಯಾಟರಿ ತೆಗೆದು ಹಾಕಿದರೆ ಅದು ಹೋಗುತ್ತದೆ ಅನ್ನುವುದು ಹಳೇ ಕಾಲದ ಮಾತು, ಈಗಿನ ಅಂಥ ಯಂತ್ರಗಳಲ್ಲಿ ಹೆಚ್ಚಾಗಿ ನಡೆಯುವುದಿಲ್ಲ.

ಎರಡನೇ ಸಲ ಕೊಳ್ಳುವಾಗ ಮಾರುವವರಿಗೆ ನನ್ನ ಷರತ್ತು ಒಂದೇ. ವಿಡಿಯೋ ಕಾಲ್‌ನಲ್ಲಿ ನನ್ನೆದುರೇ ರೀಸೆಟ್ ಮಾಡಬೇಕು, ವೈಫೈಗೆ ಸೇರಿಸಬೇಕು, ಮಾಮೂಲಿ ಸೆಟಪ್ ಬರುವವರೆಗೂ ಕಾಲ್ ಕಟ್ ಮಾಡಬಾರದು. ಒಬ್ಬ ಅಷ್ಟು ಹೊತ್ತು ಯಾರ್ರೀ ಕೂರ್ತಾರೆ ಅಂದ. ಇನ್ನೊಬ್ಬ ನೆಟ್ ಸರಿ ಇಲ್ಲ ಅಂದ, ಅದೇ ನೆಟ್‌ನಲ್ಲಿ ನನ್ನ ಜೊತೆ ವಿಡಿಯೋದಲ್ಲಿ ಮಾತಾಡುತ್ತಾ! ಮೂರನೆಯವರು ಆಯ್ತು ಸರ್, ಸಂಜೆ ಮಾಡೋಣ ಅಂದರು.

ರೀಸೆಟ್‌ಗೆ ಮುಂಚೆ ಇನ್ನೂ ಕೆಲವನ್ನು ತೋರಿಸಿ ಅಂದೆ. ಜಾಹೀರಾತಿನಲ್ಲಿ ಪ್ರೊಸೆಸರ್ ಬಗ್ಗೆ ಬರೀ ಐ5 ಅಂತ ಇತ್ತು. ಐ5, ಐ7 ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ, ಪೂರ್ತಿ ನಂಬರ್ ಬೇಕು. ಐ7-4600ಯು ಅಂದರೆ 2013ರ ಪ್ರೊಸೆಸರ್, ಎರಡೇ ಕೋರ್ (ಲೆಕ್ಕ ಮಾಡುವ ಘಟಕ). ಐ5-8250ಯು 2017ರದ್ದು, ನಾಲ್ಕು ಕೋರ್. ಹೆಸರು ನೋಡಿ ಮೊದಲನೆಯದನ್ನು ಜಾಸ್ತಿ ದುಡ್ಡಿಗೆ ಕೊಳ್ಳುವವರು ಎಷ್ಟೋ ಜನ. ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗಿಂತ (8250ರ ಮೊದಲ 8 ಹೇಳುವುದು ಇದನ್ನೇ) ಹಳೆಯದನ್ನು ವಿಂಡೋಸ್ 11 ಕೆಲವೇ ಅಪವಾದ ಬಿಟ್ಟರೆ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಾಗಾಗಿ ಎಂಟನೇ ತಲೆಮಾರಿಗಿಂತ ಹಳೆಯದು ಎಷ್ಟೇ ಅಗ್ಗವಾದರೂ ನಾನು ಮುಟ್ಟುವುದಿಲ್ಲ.

ಆಮೇಲೆ ಬ್ಯಾಟರಿ. ಬ್ಯಾಕಪ್ ಸೂಪರ್ ಅನ್ನುವ ಮಾತನ್ನು ಕೇಳಿಸಿಕೊಂಡು ಸುಮ್ನೆ ಬಿಟ್ಟುಬಿಡಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಕಮಾಂಡ್‌ನಿಂದ ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ತುಂಬಿದಾಗ ಎಷ್ಟು ಹಿಡಿಯುತ್ತದೆ, ಎರಡೂ ಅಕ್ಕಪಕ್ಕ ಸಿಗುತ್ತವೆ. ನನ್ನ ಮೊದಲನೇ ಲ್ಯಾಪ್‌ಟಾಪ್‌ನಲ್ಲಿ 50,000 ಮಿಲಿವ್ಯಾಟ್-ಅವರ್ ಇದ್ದದ್ದು 27,000ಕ್ಕೆ ಇಳಿದಿತ್ತು. ಅದನ್ನು ನೋಡಿದ್ದು ಕೊಂಡ ಮೇಲೆ! ಈ ಸಲ 41,000 ಇತ್ತು, ಸಾಕು ಅನ್ನಿಸಿತು. ಟಚ್‌ಪ್ಯಾಡ್ ಸ್ವಲ್ಪ ಮೇಲೆದ್ದಿದ್ದರೆ ಅಥವಾ ಮುಚ್ಚಿದಾಗ ಲ್ಯಾಪ್‌ಟಾಪ್ ಮೇಜಿನ ಮೇಲೆ ಅಲುಗಾಡಿದರೆ ಒಳಗೆ ಬ್ಯಾಟರಿ ಉಬ್ಬಿರಬಹುದು. ಅಂಥದ್ದರ ಸಹವಾಸವೇ ಬೇಡ.

ಸೀರಿಯಲ್ ನಂಬರ್ ಕೆಳಗಿನ ಸ್ಟಿಕ್ಕರ್‌ನಲ್ಲೂ ಬಯೋಸ್‌ನಲ್ಲೂ ಒಂದೇ ಇದೆಯಾ ನೋಡಿದೆ. ತಯಾರಿಸಿದ ಕಂಪನಿಯ ವಾರಂಟಿ ಪುಟದಲ್ಲಿ ಹಾಕಿದೆ, ಮಾದರಿ ಹೊಂದಿತು. ಎಸ್‌ಎಸ್‌ಡಿ, ಅಂದರೆ ಫೈಲುಗಳನ್ನು ಇಡುವ ಡಿಸ್ಕ್‌ನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ತೋರಿಸಿದರು. ಎಷ್ಟು ಗಂಟೆ ಓಡಿದೆ ಅನ್ನುವುದೂ ಅದರಲ್ಲೇ ಬರುತ್ತದೆ. ಒರಿಜಿನಲ್ ವಿಂಡೋಸ್ ಇದೆ ಅಂತ ಹೇಳಿದ್ದರು. ವಿಂಡೋಸ್ ಲೈಸೆನ್ಸ್ ತೋರಿಸುವ ಎಸ್‌ಎಲ್‌ಎಂಜಿಆರ್ ಕಮಾಂಡ್‌ನಲ್ಲಿ ನೋಡಿದರೆ 180 ದಿನಕ್ಕೆ ಮುಗಿಯುವ ಕೆಎಂಎಸ್ ಆಕ್ಟಿವೇಶನ್. ಕಂಪನಿಗಳ ಒಳಗೆ ಬಳಸುವ ಬಗೆ ಅದು, ಮನೆಯ ಲ್ಯಾಪ್‌ಟಾಪ್‌ನಲ್ಲಿ ಕಂಡರೆ ಬಹುತೇಕ ಕಳ್ಳದಾರಿಯದ್ದೇ. ಅವರಿಗೂ ಗೊತ್ತಿರಲಿಲ್ಲ, ಯಾವುದೋ ಅಂಗಡಿಯವರು ಹಾಕಿಕೊಟ್ಟಿದ್ದರಂತೆ. ಲೈಸೆನ್ಸಿನಷ್ಟು ಬೆಲೆ ಇಳಿಸಿದರು.

ದುಡ್ಡನ್ನು ಮುಂಗಡ ಕೊಡಲಿಲ್ಲ. ನೇರವಾಗಿ ಅಕೌಂಟಿಗೆ ಹಾಕಿ, ಇನ್ನೂ ಕಡಿಮೆ ಮಾಡ್ತೀನಿ ಅಂದವರೂ ಇದ್ದರು. ಹಾಗೆ ಹೊರಗೆ ಕೊಟ್ಟರೆ ಜಾಲತಾಣದವರು ನಮಗೆ ಸಂಬಂಧವಿಲ್ಲ ಅನ್ನುತ್ತಾರೆ, ಅಲ್ವಾ? ಪೆಟ್ಟಿಗೆ ಬಂದಾಗ ವಿಳಾಸದ ಚೀಟಿಯಿಂದ ಹಿಡಿದು ಲ್ಯಾಪ್‌ಟಾಪ್ ಆನ್ ಆಗುವವರೆಗೆ ಎಲ್ಲೂ ನಿಲ್ಲಿಸದೆ ಒಂದೇ ವಿಡಿಯೋ ಮಾಡಿದೆ. ಅದೇ ದಿನ ಇನ್ನೊಮ್ಮೆ ರೀಸೆಟ್ ಒತ್ತಿ ವೈಫೈ ಕೊಟ್ಟು ಕಾದೆ. ಯಾವ ಕಂಪನಿಯೂ ಬರಲಿಲ್ಲ, ನನ್ನ ಹೆಸರು ಕೇಳಿತು.

ಈಗ ಇದನ್ನು ಟೈಪ್ ಮಾಡುತ್ತಿರುವುದು ಅದರಲ್ಲೇ. ಎಡಗಡೆಯ ಯುಎಸ್‌ಬಿ ಪೋರ್ಟ್ ಮಾತ್ರ ಸಡಿಲ, ಮೌಸ್ ಆಗಾಗ ಕೈ ಕೊಡುತ್ತದೆ. ಇಷ್ಟೆಲ್ಲ ಕೇಳಿದವನು ಅದೊಂದನ್ನು ಕೇಳಲು ಮರೆತಿದ್ದೆ.