ಡೆಸ್ಕ್‌ಟಾಪಿಗೆ ನಮ್ಮ ಬೀದಿಯ ಹೂವು

ಹನುಮಂತನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮೂರು ಕಂಪ್ಯೂಟರು, ಒಂದು ಜೆರಾಕ್ಸ್ ಮಷಿನ್ನು. ಮದುವೆ ಕಾರ್ಡು, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟು, ಬಾಡಿಗೆ ಕರಾರು ಪತ್ರ, ಇವೇ ದಿನದ ಕೆಲಸ. ಇದರ ಜೊತೆಗೆ ಎಂಟು ವರ್ಷದಿಂದ ಇನ್ನೊಂದು ಕೆಲಸವನ್ನೂ ಬಿಡದೆ ಮಾಡಿಕೊಂಡು ಬಂದಿದ್ದೇನೆ. ಪ್ರತಿ ತಿಂಗಳ ಮೊದಲ ವಾರ ಕಂಪ್ಯೂಟರ್ ಪರದೆಯ ಹಿನ್ನೆಲೆಗೆ ಒಂದು ವಾಲ್‌ಪೇಪರ್ ಮಾಡಿ ಗಿರಾಕಿಗಳಿಗೆ, ನೆಂಟರಿಗೆ ಕಳಿಸುತ್ತೇನೆ. ದುಡ್ಡು ತಗೊಳ್ಳುವುದಿಲ್ಲ. ಆ ತಿಂಗಳು ಬೆಂಗಳೂರಿನಲ್ಲಿ ಏನು ಹೂ ಬಿಟ್ಟಿದೆಯೋ, ಯಾವ ಹಬ್ಬ ಬರುತ್ತಿದೆಯೋ ಅದರ ಚಿತ್ರ. ಮೂಲೆಯಲ್ಲಿ ಒಂದು ಪುಟ್ಟ ಕ್ಯಾಲೆಂಡರ್.

ಮೊದಲು ನಾನೂ ಎಲ್ಲರ ಹಾಗೆ ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನೇ ಹಾಕಿಕೊಳ್ಳುತ್ತಿದ್ದೆ. ಅಕ್ಟೋಬರಿಗೆ ಕೆಂಪು ಮೇಪಲ್ ಎಲೆ, ಡಿಸೆಂಬರಿಗೆ ಹಿಮ ಬಿದ್ದ ಮನೆ. ಒಂದು ದಿನ ಬೆಳಿಗ್ಗೆ ಅಂಗಡಿ ಶಟರ್ ಎತ್ತಿದೆ. ಮೆಟ್ಟಿಲ ಮೇಲೆಲ್ಲಾ ಆಕಾಶಮಲ್ಲಿಗೆ ಉದುರಿ ಬಿದ್ದಿತ್ತು, ಬೀದಿ ತುಂಬ ಅದರದೇ ವಾಸನೆ. ಒಳಗೆ ಬಂದು ಕಂಪ್ಯೂಟರ್ ಹಾಕಿದರೆ ಯಾವುದೋ ದೇಶದ ಹಿಮ. ಬಾಗಿಲ ಹೊರಗೇ ಇಷ್ಟು ಚೆನ್ನಾದ್ದು ಇರುವಾಗ ಇದು ಯಾಕೆ ಅನ್ನಿಸಿತು. ಅಲ್ಲಿಂದ ಶುರು.

ಮೊದಲ ಚಿತ್ರ ಕಡಲೆಕಾಯಿ ಪರಿಷೆಯದು. ಕಾರ್ತಿಕದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ದೇವಸ್ಥಾನದ ರಸ್ತೆ. ರಾಶಿ ರಾಶಿ ಕಡಲೆಕಾಯಿ. ಹತ್ತಿರ ಹೋಗಿ ರಾಶಿಯನ್ನೇ ಫ್ರೇಮ್ ತುಂಬ ತೆಗೆದೆ. ಒಂದೊಂದು ಸಿಪ್ಪೆಯ ಗೆರೆಯೂ ಕಾಣುತ್ತಿತ್ತು. ನನಗೆ ಬಹಳ ಖುಷಿಯಾಗಿತ್ತು. ನಮ್ಮ ಅಂಗಡಿಗೆ ಬರುವ ರಿಟೈರ್ಡ್ ಮೇಷ್ಟ್ರೊಬ್ಬರ ಲ್ಯಾಪ್‌ಟಾಪಿಗೆ ನಾನೇ ಹಾಕಿಕೊಟ್ಟೆ. ಎರಡು ದಿನ ಬಿಟ್ಟು ಅವರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು.

"ಏನಮ್ಮಾ, ಕಡಲೆಕಾಯಿ ಬಹಳ ಚೆನ್ನಾಗಿದೆ. ಆದ್ರೆ ನನ್ನ ಫೈಲುಗಳೆಲ್ಲಾ ಎಲ್ಲಿ ಹೋದ್ವು?"

ಫೈಲುಗಳು ಅಲ್ಲೇ ಇದ್ದವು. ಕಾಣುತ್ತಿರಲಿಲ್ಲ ಅಷ್ಟೇ. ವಿಂಡೋಸಿನಲ್ಲಿ ಐಕಾನಿನ ಕೆಳಗಿನ ಹೆಸರು ಬಿಳಿ ಅಕ್ಷರದಲ್ಲಿ ಇರುತ್ತದೆ. ತಿಳಿ ಕಂದು ಕಡಲೆಕಾಯಿಯ ಮೇಲೆ, ಅಷ್ಟೊಂದು ಗೆರೆಗಳ ನಡುವೆ ಆ ಅಕ್ಷರ ಓದಲು ಆಗುತ್ತಲೇ ಇರಲಿಲ್ಲ. ಫೋಲ್ಡರಿನ ಹಳದಿಯೂ ಅದರಲ್ಲೇ ಸೇರಿಹೋಗಿತ್ತು. ಮೇಷ್ಟ್ರು ಎರಡು ದಿನ ಕಣ್ಣು ಕಿರಿದು ಮಾಡಿಕೊಂಡು ಹುಡುಕಿದ್ದರು. ನನಗೆ ತುಂಬಾ ಬೇಜಾರಾಯಿತು.

ಅವತ್ತು ಗೊತ್ತಾಗಿದ್ದು ಇದು. ವಾಲ್‌ಪೇಪರ್ ಅಂದರೆ ನೋಡಿ ಪಕ್ಕಕ್ಕೆ ಇಡುವ ಫೋಟೋ ಅಲ್ಲ. ಅದರ ಮೇಲೆ ಇನ್ನೊಬ್ಬರು ದಿನವಿಡೀ ಕೆಲಸ ಮಾಡುತ್ತಾರೆ. ರಂಗೋಲಿ ಹಾಕುವವರು ಓಡಾಡಲು ಜಾಗ ಬಿಟ್ಟು ಹಾಕುತ್ತಾರಲ್ಲ, ಹಾಗೆ ಜಾಗ ಬಿಡಬೇಕು. ಎಡಗಡೆ ಮೂರರಲ್ಲಿ ಒಂದು ಭಾಗ ಐಕಾನಿಗೆ. ಕೆಳಗೆ ಟಾಸ್ಕ್‌ಬಾರಿಗೆ. 1080 ಪಿಕ್ಸೆಲ್, ಅಂದರೆ ಪರದೆಯ ಚುಕ್ಕಿ, ಎತ್ತರದ ಚಿತ್ರವಾದರೆ ಕೆಳಗಿನ ಸುಮಾರು 100 ಪಿಕ್ಸೆಲ್‌ನಲ್ಲಿ ನಾನು ಮುಖ್ಯವಾದ್ದೇನೂ ಇಡುವುದಿಲ್ಲ. ಹೂವು, ದೀಪ, ಗೊಂಬೆ ಏನಿದ್ದರೂ ಬಲಗಡೆ. ಎಡಗಡೆ ಆಕಾಶ, ಮೋಡ, ಗೋಡೆ, ನೆರಳು, ಹೀಗೆ ಒಂದೇ ಥರದ, ಸ್ವಲ್ಪ ಕಡುಬಣ್ಣ. ಬಿಳಿ ಅಕ್ಷರ ಅದರ ಮೇಲೆ ತಾನೇ ಎದ್ದು ಕಾಣುತ್ತದೆ.

ಈ ಜಾಗದ ಲೆಕ್ಕ ತಲೆಯಲ್ಲಿ ಕೂತ ಮೇಲೆ ಫೋಟೋ ತೆಗೆಯುವ ರೀತಿಯೇ ಬದಲಾಯಿತು. ಟಬೆಬುಯಾ ಮರವನ್ನೇ ತಗೊಳ್ಳಿ. ಗುಲಾಬಿ ಬಣ್ಣದ್ದು ಚಳಿಗಾಲದಲ್ಲಿ ಬಿಡುತ್ತದೆ. ಹಳದಿಯದು ಫೆಬ್ರವರಿ, ಮಾರ್ಚಿನಲ್ಲಿ. ಹೂ ಬಿಡುವ ಹೊತ್ತಿಗೆ ಎಲೆ ಉದುರಿರುತ್ತದೆ. ಬರೀ ಹೂವು, ಹಿಂದೆ ನೀಲಿ ಆಕಾಶ. ವಾಲ್‌ಪೇಪರಿಗೆ ಹೇಳಿ ಮಾಡಿಸಿದ ಮರ. ಕಬ್ಬನ್ ಪಾರ್ಕಿನಲ್ಲಿ ಬೇಕಾದಷ್ಟಿವೆ. ಆದರೆ ಹೂವು ಜಾಸ್ತಿ ದಿನ ನಿಲ್ಲುವುದಿಲ್ಲ. ಭಾನುವಾರ ಹೋದರಾಯಿತು ಅಂತ ಕೂತರೆ, ಶುಕ್ರವಾರದ ಗಾಳಿಗೆ ಅರ್ಧ ನೆಲದ ಮೇಲಿರುತ್ತದೆ. ನಾನು ಹೀಗೆ ಎರಡು ವರ್ಷ ಕಳಕೊಂಡಿದ್ದೇನೆ. ಈಗ ಕಂಡ ದಿನವೇ ತೆಗೆಯುತ್ತೇನೆ. ಬೆಳಿಗ್ಗೆ ಏಳರಿಂದ ಎಂಟರ ಒಳಗೆ, ಸೂರ್ಯ ಬೆನ್ನ ಹಿಂದೆ ಇರುವ ಹಾಗೆ ನಿಂತುಕೊಂಡರೆ ಆಕಾಶ ಬೆಳ್ಳಗಾಗದೆ ನೀಲಿಯಾಗಿಯೇ ಬರುತ್ತದೆ.

ನಮ್ಮ ಬಡಾವಣೆಗಳಲ್ಲಿ ತೊಂದರೆ ಕೊಡುವುದು ತಂತಿ. ಕರೆಂಟಿನದು, ಕೇಬಲ್ಲಿನದು, ಇಂಟರ್ನೆಟ್ಟಿನದು, ಎಲ್ಲವೂ ಮರದ ಮುಂದೆಯೇ ಹಾದುಹೋಗುತ್ತವೆ. ಕೆಳಗೆ ನಿಂತು ಎಷ್ಟು ಸರಿದಾಡಿದರೂ ತಪ್ಪುವುದಿಲ್ಲ. ಎದುರು ಮನೆಯವರನ್ನು ಕೇಳಿ ತಾರಸಿಗೆ ಹತ್ತುವುದು ಒಳ್ಳೆಯ ದಾರಿ. "ಅಮ್ಮಾ, ಎರಡು ನಿಮಿಷ, ನಿಮ್ಮ ಮನೆ ಮುಂದಿನ ಮರದ ಹೂವು ತೆಗಿತೀನಿ" ಅಂದರೆ ಇವತ್ತಿನವರೆಗೆ ಯಾರೂ ಬೇಡ ಅಂದಿಲ್ಲ. ಎಷ್ಟೋ ಸಲ ಕಾಫಿಯನ್ನೂ ಕೊಟ್ಟಿದ್ದಾರೆ. ಆ ಮನೆಯವರಿಗೆ ಚಿತ್ರ ಮೊದಲು ಹೋಗುತ್ತದೆ.

ಈ ಕೆಲಸ ಮಾಡುತ್ತಾ ಮಾಡುತ್ತಾ ನನಗೆ ಕೃಂಬಿಗಲ್ ಅವರ ಮೇಲೆ ದೊಡ್ಡ ಗೌರವ ಬೆಳೆದಿದೆ. ಜರ್ಮನಿಯವರು, 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗ್ ನೋಡಿಕೊಂಡವರು. ವರ್ಷದ ಯಾವ ಕಾಲದಲ್ಲಿ ನೋಡಿದರೂ ಊರಿನ ರಸ್ತೆಗಳಲ್ಲಿ ಒಂದಲ್ಲ ಒಂದು ಮರ ಹೂ ಬಿಟ್ಟಿರಬೇಕು, ಒಂದು ಮುಗಿಯುವಾಗ ಇನ್ನೊಂದು ಶುರುವಾಗಬೇಕು ಅನ್ನುವುದು ಅವರ ಯೋಜನೆ. ಅಂದರೆ ನಾನು ತಿಂಗಳಿಗೊಂದು ಚಿತ್ರ ಅಂತ ಹುಡುಕಿಕೊಂಡು ಹೋಗುತ್ತೇನಲ್ಲ, ಆ ಕ್ಯಾಲೆಂಡರನ್ನು ನೂರು ವರ್ಷದ ಹಿಂದೆಯೇ ಒಬ್ಬರು ರಸ್ತೆ ಬದಿಯಲ್ಲಿ ನೆಟ್ಟುಬಿಟ್ಟಿದ್ದಾರೆ. ಮಾರ್ಚಿನಲ್ಲಿ ಜಕರಾಂಡದ ನೇರಳೆ. ಯುಗಾದಿಯ ಹೊತ್ತಿಗೆ ಹೊಂಗೆಯ ಹೊಸ ಚಿಗುರು, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಎಳೆ ಹಸಿರು. ಏಪ್ರಿಲ್, ಮೇನಲ್ಲಿ ಗುಲ್‌ಮೊಹರ್.

ಜಕರಾಂಡದ ಬಗ್ಗೆ ಒಂದು ಮಾತು. ಅದರ ನೇರಳೆ ಬಣ್ಣ ಮೊಬೈಲಿನಲ್ಲಿ ನೀಲಿಗೆ ತಿರುಗಿಬಿಡುತ್ತದೆ. ಚಿತ್ರವನ್ನು ತಿದ್ದುವಾಗ ಪಕ್ಕದಲ್ಲಿ ಒಂದು ಉದುರಿದ ಹೂವನ್ನೇ ಇಟ್ಟುಕೊಂಡು ಹೋಲಿಸಿ. ಬಾಡುವ ಮೊದಲು ಮುಗಿಸಬೇಕು, ಅಷ್ಟೇ.

ಮಳೆಗಾಲದಲ್ಲಿ ಹೂವು ಕಮ್ಮಿ ಅಂತ ಅನ್ನಿಸಬಹುದು. ಆದರೆ ಆಷಾಢದ ಮೋಡ ಇದೆಯಲ್ಲ, ಬೂದು ಬಣ್ಣದ್ದು, ಅಂಚಿಲ್ಲದ್ದು, ಅದರ ಮೇಲೆ ಐಕಾನು ಕಾಣುವಷ್ಟು ಚೆನ್ನಾಗಿ ಬೇರೆ ಯಾವುದರ ಮೇಲೂ ಕಾಣುವುದಿಲ್ಲ. ಲಾಲ್‌ಬಾಗಿನ ಬಂಡೆ ಮೇಲೆ ಹತ್ತಿ, ಕೆಂಪೇಗೌಡರ ಗೋಪುರವನ್ನು ಬಲಗಡೆಗೆ ಇಟ್ಟು, ಉಳಿದದ್ದೆಲ್ಲಾ ಮೋಡಕ್ಕೆ ಬಿಟ್ಟು ಒಂದು ಚಿತ್ರ ತೆಗೆದಿದ್ದೆ. ನಾಲ್ಕು ವರ್ಷವಾಯಿತು, ಇವತ್ತಿಗೂ ಅದನ್ನು ಬದಲಿಸದವರು ಇದ್ದಾರೆ. ಆಗಸ್ಟ್ 15ರ ಮತ್ತು ಜನವರಿ 26ರ ಫಲಪುಷ್ಪ ಪ್ರದರ್ಶನಕ್ಕೆ ಮಾತ್ರ ನಾನು ಕ್ಯಾಮೆರಾ ತಗೊಂಡು ಹೋಗುವುದಿಲ್ಲ. ಹೂವಿಗಿಂತ ತಲೆಗಳೇ ಜಾಸ್ತಿ ಬರುತ್ತವೆ. ಮನೆಯವರ ಜೊತೆ ಸುಮ್ನೆ ನೋಡಿ ಬರುತ್ತೇನೆ.

ಇನ್ನು ಅಳತೆ. ಇದನ್ನು ಎಲ್ಲರೂ ಕೇಳುತ್ತಾರೆ. ದೊಡ್ಡ ಕ್ಯಾಮೆರಾ ಬೇಕಿಲ್ಲ. 12 ಮೆಗಾಪಿಕ್ಸೆಲ್ ಮೊಬೈಲಿನ ಚಿತ್ರ ಸಾಮಾನ್ಯವಾಗಿ 4000 ಅಗಲ, 3000 ಎತ್ತರ ಇರುತ್ತದೆ. ಅದನ್ನು ಸ್ಕ್ರೀನಿನ 16:9 ಅಳತೆಗೆ ಕತ್ತರಿಸಿದರೆ 4000, 2250 ಉಳಿಯುತ್ತದೆ. 4ಕೆ ಸ್ಕ್ರೀನಿಗೆ ಬೇಕಾದ್ದು 3840, 2160. ಅಲ್ಲಿಗೆ ಸಾಕಾಯಿತಲ್ವಾ? ಮೊಬೈಲನ್ನು ಅಡ್ಡ ಹಿಡಿದಿರಬೇಕು. ಮೇಲೆ ಕೆಳಗೆ ಒಟ್ಟು 750 ಪಿಕ್ಸೆಲ್ ಹೋಗುತ್ತದೆ ಅನ್ನುವುದನ್ನು ತೆಗೆಯುವಾಗಲೇ ನೆನಪಿಡಿ. ಇಲ್ಲದಿದ್ದರೆ ಕೊಂಬೆಯ ತುದಿ ಹೋಗುತ್ತದೆ. ನಾನು 3840ರದ್ದು ಒಂದು, 1920ರದ್ದು ಒಂದು, ಹಳೇ ಲ್ಯಾಪ್‌ಟಾಪಿನವರಿಗೆ 1366ರದ್ದು ಒಂದು ಮಾಡಿ ಇಡುತ್ತೇನೆ. ಹಾಕುವಾಗ 'ಫಿಲ್' ಆರಿಸಿ. 'ಸ್ಟ್ರೆಚ್' ಬೇಡ. ಅಳತೆ ಹೊಂದದಿದ್ದರೆ ದುಂಡು ಹಣತೆ ಮೊಟ್ಟೆಯ ಹಾಗಾಗುತ್ತದೆ.

ವಾಟ್ಸಾಪಿನಲ್ಲಿ ಕಳಿಸುವವರು ದಯವಿಟ್ಟು ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ. ಆಮೇಲೆ ವಿಂಡೋಸ್ ಕೂಡ ಜೆಪಿಜಿ ಚಿತ್ರವನ್ನು ಡೆಸ್ಕ್‌ಟಾಪಿಗೆ ಹಾಕುವಾಗ ತಾನೇ ಇನ್ನೊಮ್ಮೆ ಹಿಂಡುತ್ತದೆ. ಎರಡೂ ಸೇರಿದರೆ ಆಕಾಶದಲ್ಲಿ ಸೀರೆ ಪಟ್ಟಿಯ ಹಾಗೆ ಗೆರೆಗಳು ಬರುತ್ತವೆ. ನನಗೆ ಇದು ಬಹಳ ದಿನ ಕಾಡಿತು. ಈಗ ಸೇವ್ ಮಾಡುವಾಗ ಕ್ವಾಲಿಟಿಯನ್ನು 95ಕ್ಕೆ ಇಡುತ್ತೇನೆ. ಅದಕ್ಕೂ ಮುಂಚೆ ಜಿಂಪ್ ಅನ್ನುವ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ ಆಕಾಶದ ಭಾಗಕ್ಕೆ ಕಣ್ಣಿಗೆ ಕಾಣದಷ್ಟು ನಾಯ್ಸ್ ಹಾಕುತ್ತೇನೆ. ಸಣ್ಣ ರವೆ ಉದುರಿಸಿದ ಹಾಗೆ. ಪಟ್ಟಿಗಳು ಮಾಯವಾಗುತ್ತವೆ.

ಕ್ಯಾಲೆಂಡರಿನ ಅಕ್ಷರಕ್ಕೆ ನಾನು ಪಟ್ಟ ಕಷ್ಟ ಬೇರೆ ಯಾರಿಗೂ ಬೇಡ. ಡಿಟಿಪಿಯವರಿಗೆ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಕೈಗೆ ಅಂಟಿರುತ್ತದೆ. ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಪದ್ಧತಿಗೆ ಬಂದು ಫೋಟೋಶಾಪಿನಲ್ಲಿ 'ಕಾರ್ತಿಕ' ಅಂತ ಹಾಕಿದರೆ ಅರ್ಕಾವತ್ತು ಎಲ್ಲೋ, ಅಕ್ಷರ ಎಲ್ಲೋ. ಸೆಟ್ಟಿಂಗ್ಸಿನಲ್ಲಿ ಟೈಪ್ ಅನ್ನುವ ಕಡೆ 'ವರ್ಲ್ಡ್ ರೆಡಿ' ಲೇಔಟ್ ಆರಿಸಿದ ಮೇಲೆ ಸರಿಹೋಯಿತು. ಈಗ ಅಕ್ಷರದ ಕೆಲಸವನ್ನೆಲ್ಲಾ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಮಾಡುತ್ತೇನೆ. ಅದು ಉಚಿತ, ಒತ್ತಕ್ಷರವೂ ತಂಟೆ ಮಾಡುವುದಿಲ್ಲ. ಫಾಂಟಿಗೆ ನೋಟೋ ಸೆರಿಫ್ ಕನ್ನಡ, ಹಬ್ಬದ ಹೆಸರಿಗೆ ಬಾಲೂ ತಮ್ಮ. ಎರಡೂ ಉಚಿತ. ಅಂಕಿಗಳನ್ನು ಕನ್ನಡದಲ್ಲೇ ಹಾಕುತ್ತೇನೆ, ೧, ೨, ೩ ಅಂತ. ಒಬ್ಬರ ಮೊಮ್ಮಗಳು ಅದನ್ನು ನೋಡಿಯೇ ಕನ್ನಡ ಅಂಕಿ ಕಲಿತಳು ಅಂತ ಅವರಜ್ಜಿ ಬಂದು ಹೇಳಿದರು. ಆ ದಿನ ನನಗೆ ಊಟ ಕೂಡ ಬೇಡವಾಗಿತ್ತು, ಅಷ್ಟು ಸಂತೋಷ.

ದೀಪಾವಳಿಗೆ ಮಾತ್ರ ನಾನು ಪ್ರತಿ ವರ್ಷ ಚಿತ್ರದ ಜೊತೆ ಒಂದು ಎಚ್ಚರಿಕೆಯನ್ನೂ ಕಳಿಸುತ್ತೇನೆ. ಕಾರಣ ಇದೆ. ಒಬ್ಬ ಗಿರಾಕಿ ಉರಿಯುವ ದೀಪದ ಸ್ಕ್ರೀನ್‌ಸೇವರ್ ಉಚಿತ ಅಂತ ಎಲ್ಲಿಂದಲೋ ಇಳಿಸಿಕೊಂಡರು. ಅದರೊಳಗೆ ವೈರಸ್ ಇತ್ತು. ಮಗಳ ಮದುವೆಯ ಫೋಟೋಗಳಲ್ಲಿ ಅರ್ಧ ವಾಪಸ್ ಸಿಗಲೇ ಇಲ್ಲ. ಅವರು ನನ್ನ ಅಂಗಡಿಯಲ್ಲಿ ಕೂತು ಅತ್ತಿದ್ದು ಇನ್ನೂ ಕಣ್ಣ ಮುಂದಿದೆ. ಚಿತ್ರದ ಫೈಲಿನ ಹೆಸರು ಜೆಪಿಜಿ ಅಥವಾ ಪಿಎನ್‌ಜಿ ಅಂತ ಮುಗಿಯಬೇಕು. ಇಎಕ್ಸ್‌ಇ ಅಂತಲೋ ಎಸ್‌ಸಿಆರ್ ಅಂತಲೋ ಮುಗಿದರೆ ಅದು ಚಿತ್ರವಲ್ಲ, ಪ್ರೋಗ್ರಾಮ್. ವಿಂಡೋಸ್ ಈ ಕೊನೆಯ ಅಕ್ಷರಗಳನ್ನು ಮೊದಲಿನಿಂದ ಅಡಗಿಸಿಯೇ ಇಟ್ಟಿರುತ್ತದೆ. ಹಾಗಾಗಿ 'ದೀಪ ಡಾಟ್ ಜೆಪಿಜಿ ಡಾಟ್ ಇಎಕ್ಸ್‌ಇ' ಅನ್ನುವುದು ನಿಮಗೆ ಬರೀ 'ದೀಪ ಡಾಟ್ ಜೆಪಿಜಿ' ಅಂತ ಕಾಣುತ್ತದೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿಗೆ ಹೋಗಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಟಿಕ್ ಮಾಡಿ. ಇವತ್ತೇ ಮಾಡಿ. ವಾಲ್‌ಪೇಪರ್ ಹಾಕಲು ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ.

ದಸರಾ ಗೊಂಬೆ, ಗೌರಿ ಗಣೇಶ, ಎಳ್ಳು ಬೆಲ್ಲ, ಇವು ಮನೆಯೊಳಗೇ ಸಿಗುವ ಚಿತ್ರಗಳು. ಕಿಟಕಿ ಪಕ್ಕ ಇಟ್ಟು, ಫ್ಲ್ಯಾಶ್ ಇಲ್ಲದೆ ತೆಗೆಯಿರಿ, ಹಿಂದೆ ಒಂದು ಕಡುಬಣ್ಣದ ರೇಷ್ಮೆ ಸೀರೆ ಇಳಿಬಿಡಿ. ಇಷ್ಟೇ ಸಾಕು.

ಹಳೇ ತಿಂಗಳ ಚಿತ್ರಗಳನ್ನು ಅಳಿಸಬೇಡಿ. ಒಂದು ಫೋಲ್ಡರಿನಲ್ಲಿ ಸೇರಿಸಿ, ಬ್ಯಾಕ್‌ಗ್ರೌಂಡ್ ಸೆಟ್ಟಿಂಗಿನಲ್ಲಿ 'ಸ್ಲೈಡ್‌ಶೋ' ಆರಿಸಿ, ದಿನಕ್ಕೊಂದು ಅಂತ ಇಟ್ಟರೆ ತಾನೇ ಬದಲಾಗುತ್ತದೆ. ಮೇಷ್ಟ್ರು ಹೀಗೇ ಮಾಡಿಕೊಂಡಿದ್ದಾರೆ. ಅವರ ಫೋಲ್ಡರಿನಲ್ಲಿ ಎಲ್ಲವೂ ಇವೆ, ಆ ಕಡಲೆಕಾಯಿ ಒಂದನ್ನು ಬಿಟ್ಟು.

ಈ ವರ್ಷದ ಪರಿಷೆಗೆ ಇನ್ನು ಹತ್ತು ದಿನ ಇದೆ. ನಿನ್ನೆ ಸಂಜೆ ದೇವಸ್ಥಾನದ ಪಕ್ಕದ ಬ್ಯೂಗಲ್ ರಾಕ್ ಕಡೆ ಹೋಗಿ ನಿಲ್ಲುವ ಜಾಗ ನೋಡಿಕೊಂಡು ಬಂದೆ. ಸೋಮವಾರ ಜನ ಸೇರುವ ಮೊದಲು, ಬೆಳಕು ಹರಿಯುವಾಗ ಹೋಗಬೇಕು. ರಾಶಿ ಬಲಗಡೆ ಕೆಳಗೆ, ಸೇರು ಹಿಡಿದ ಕೈ ಅದರ ಪಕ್ಕ, ಎಡಗಡೆಯೆಲ್ಲಾ ಇನ್ನೂ ಪೂರ್ತಿ ಬೆಳಗಾಗದ ಆಕಾಶ. ಮೇಷ್ಟ್ರಿಗೆ ಮೊದಲು ಕಳಿಸುತ್ತೇನೆ ಅಂತ ಹೇಳಿದ್ದೇನೆ.