ಬೆಲ್ಲಿನಿ ಅಂದರೆ ಯಾವ ಬೆಲ್ಲಿನಿ? ಗುರುತು ಹಿಡಿಯುವುದು ಹೀಗೆ

ಮ್ಯೂಸಿಯಂನ ಫಲಕ, ಒಪೆರಾ ಕಾರ್ಯಕ್ರಮದ ಕರಪತ್ರ, ಹಳೆಯ ವಿಶ್ವಕಪ್ ಫುಟ್‌ಬಾಲ್ ಫೋಟೊ. ಮೂರೂ ಕಡೆ ‘ಬೆಲ್ಲಿನಿ’ ಎಂಬ ಹೆಸರು ಸಿಗಬಹುದು. ಇಟಲಿಯ ಈ ಮನೆತನದ ಹೆಸರಿನವರಲ್ಲಿ ಪ್ರಸಿದ್ಧರು ಹಲವರು. ಯಾರು ಯಾರೆಂದು ತಿಳಿಯದೆ ಮುಂದೆ ಹೋದರೆ ನಷ್ಟ ನಮಗೇ.

ಮೊದಲು ಇಸವಿ ನೋಡಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. 1958 ಎಂದಿದ್ದರೆ ಅವರು ಹಿಲ್ಡೆರಾಲ್ಡೊ ಬೆಲ್ಲಿನಿ. ಸ್ವೀಡನ್‌ನಲ್ಲಿ ಬ್ರೆಜಿಲ್‌ಗೆ ಮೊದಲ ವಿಶ್ವಕಪ್ ಗೆದ್ದುಕೊಟ್ಟ ನಾಯಕ. ಕಪ್ಪನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದ ಅವರ ಭಂಗಿ ಇಂದಿಗೂ ಪ್ರಸಿದ್ಧ.

1830ರ ಆಸುಪಾಸಿನದಾದರೆ ಸಂಗೀತಗಾರ ವಿಂಚೆಂಜೊ ಬೆಲ್ಲಿನಿ. ಸಿಸಿಲಿಯ ಕಟಾನಿಯಾದಲ್ಲಿ 1801ರಲ್ಲಿ ಹುಟ್ಟಿದವರು. ಅವರ ‘ನಾರ್ಮಾ’ ಒಪೆರಾ 1831ರಲ್ಲಿ ಮಿಲಾನ್‌ನ ಲಾ ಸ್ಕಾಲಾ ರಂಗಮಂದಿರದಲ್ಲಿ ಮೊದಲು ರಂಗಕ್ಕೆ ಬಂತು. ಇನ್ನು ನಾಲ್ಕೇ ವರ್ಷಕ್ಕೆ, 33ನೇ ವಯಸ್ಸಿನಲ್ಲಿ, ಪ್ಯಾರಿಸ್ ಹತ್ತಿರ ತೀರಿಕೊಂಡರು. ಕಟಾನಿಯಾದ ವಿಮಾನ ನಿಲ್ದಾಣಕ್ಕೆ ಅವರದೇ ಹೆಸರು.

ಇಸವಿ 1400ರಿಂದ 1516ರ ನಡುವಿನದೇ? ಹಾಗಾದರೆ ವೆನಿಸ್‌ನ ಚಿತ್ರಕಾರರ ಮನೆಗೆ ಬಂದಿರಿ. ಕಷ್ಟ ಶುರುವಾಗುವುದು ಇಲ್ಲೇ. ಯಾಕೊಪೊ ಬೆಲ್ಲಿನಿ, ಅವರ ಮನೆಯಲ್ಲೇ ಬೆಳೆದ ಜೆಂಟಿಲೆ ಮತ್ತು ಜೊವಾನ್ನಿ, ಮೂವರೂ ಚಿತ್ರಕಾರರೇ. ಯಾಕೊಪೊ ಅವರ ಮಗಳು ನಿಕೊಲೋಸಿಯಾಳನ್ನು ಮದುವೆಯಾದವರು ಮತ್ತೊಬ್ಬ ದೊಡ್ಡ ಚಿತ್ರಕಾರ, ಆಂಡ್ರಿಯಾ ಮಾಂಟೆನ್ಯಾ.

ಹಾಗಾಗಿ ಎರಡನೆಯ ಹೆಜ್ಜೆ, ಚಿತ್ರದಲ್ಲಿ ಏನಿದೆ ಎಂದು ನೋಡುವುದು. ಚೌಕದ ತುಂಬ ಜನ, ಮೆರವಣಿಗೆ, ಕಟ್ಟಡಗಳ ಸಾಲು ಕಂಡರೆ ಜೆಂಟಿಲೆ ಇರಬಹುದು. ಆಟೊಮನ್ ತುರ್ಕರ ಸುಲ್ತಾನ ಎರಡನೇ ಮೆಹ್ಮೆದ್ ಕೇಳಿದಾಗ ವೆನಿಸ್ ಸರ್ಕಾರ 1479ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಕಳಿಸಿದ್ದು ಇವರನ್ನೇ. ಆ ಸುಲ್ತಾನನ ಭಾವಚಿತ್ರದ ಮೇಲೆ 1480ರ ತಾರೀಖಿದೆ. ಎಳೆ ಬಿಸಿಲಿನಂಥ ಬೆಳಕು, ಶಾಂತವಾದ ಮೇರಿ, ಮಡಿಲಲ್ಲಿ ಮಗು ಇದ್ದರೆ ಜೊವಾನ್ನಿ ಇರುವ ಸಾಧ್ಯತೆ ಜಾಸ್ತಿ. ಮೂವರಲ್ಲಿ ನನ್ನ ಮನಸ್ಸು ನಿಲ್ಲುವುದು ಇವರ ಮುಂದೆಯೇ. ವೆನಿಸ್‌ನ ಸಾನ್ ಜಕ್ಕಾರಿಯಾ ಚರ್ಚಿನಲ್ಲಿ 1505ರ ಅವರ ದೊಡ್ಡ ಚಿತ್ರ ಈಗಲೂ ಇದೆ. ಅಷ್ಟು ವಯಸ್ಸಾದ ಮೇಲೂ ಅವರೇ ಎಲ್ಲರಿಗಿಂತ ಮೇಲು ಎಂದು ಮರುವರ್ಷ ವೆನಿಸ್‌ನಿಂದ ಬರೆದವರು ಜರ್ಮನಿಯ ಚಿತ್ರಕಾರ ಆಲ್ಬ್ರೆಖ್ಟ್ ಡ್ಯೂರರ್.

ಮೂರನೆಯದು ಸಹಿ. ಚಿತ್ರದ ಕೆಳಭಾಗದಲ್ಲಿ ಮಡಚಿದ ಚೀಟಿಯಂತೆ ಬಿಡಿಸಿದ್ದನ್ನು ಹುಡುಕಿ. ಜೊವಾನ್ನಿ ತಮ್ಮ ಹೆಸರನ್ನು ಲ್ಯಾಟಿನ್‌ನಲ್ಲಿ ಅಲ್ಲೇ ಬರೆಯುತ್ತಿದ್ದರು. ಆದರೆ ಸಹಿ ಸಿಕ್ಕಿತೆಂದು ಸುಮ್ನೆ ನಂಬಬೇಡಿ. ಶಿಷ್ಯರು ಬಿಡಿಸಿದ ಚಿತ್ರಗಳೂ ಅದೇ ಸಹಿ ಹೊತ್ತು ಹೊರಗೆ ಹೋಗುತ್ತಿದ್ದವು. ಫಲಕದಲ್ಲಿ ‘ಬೆಲ್ಲಿನಿ ಕಾರ್ಯಾಗಾರ’ ಎಂದಿದ್ದರೆ ಅದರ ಅರ್ಥ ಇದೇ.

ಕೆಲವೊಮ್ಮೆ ಉತ್ತರ ಒಬ್ಬರಲ್ಲ, ಇಬ್ಬರು. ಸಂತ ಮಾರ್ಕ್ ಅಲೆಕ್ಸಾಂಡ್ರಿಯಾದಲ್ಲಿ ಬೋಧಿಸುವ ದೊಡ್ಡ ಚಿತ್ರವನ್ನು ಜೆಂಟಿಲೆ ಅರ್ಧಕ್ಕೆ ಬಿಟ್ಟು 1507ರಲ್ಲಿ ತೀರಿಕೊಂಡರು. ಅದನ್ನು ಮುಗಿಸಿಕೊಟ್ಟರೆ ಮಾತ್ರ ಯಾಕೊಪೊ ಅವರ ರೇಖಾಚಿತ್ರಗಳ ಪುಸ್ತಕ ಜೊವಾನ್ನಿಗೆ ಸೇರಬೇಕು ಎಂದು ಉಯಿಲಿನಲ್ಲಿ ಬರೆಸಿದ್ದರು. ಜೊವಾನ್ನಿ ಮುಗಿಸಿದರು. ಮಿಲಾನ್‌ನ ಬ್ರೇರಾ ಚಿತ್ರಶಾಲೆಯಲ್ಲಿ ಅದನ್ನು ನೋಡುವಾಗ ಇಬ್ಬರ ಹೆಸರನ್ನೂ ಹೇಳಬೇಕು.