27,500 ರೂಪಾಯಿಯ ಸೈಕಲ್, ಮಣಿಪಾಲದ ಏರು

ಉಡುಪಿಯ ಇಂದ್ರಾಳಿಯಿಂದ ಮಣಿಪಾಲಕ್ಕೆ ಹೋಗುವ ರಸ್ತೆಯಲ್ಲಿ ಹದಿನೈದು ವರ್ಷ ಸ್ಕೂಟರ್ ಓಡಿಸಿದ್ದೇನೆ. ಅದು ಇಷ್ಟು ದೊಡ್ಡ ಏರು ಅಂತ ಗೊತ್ತಾದದ್ದು ಸೈಕಲ್ ತುಳಿದ ಮೊದಲ ದಿನ. ಮೂರು ಕಡೆ ಇಳಿದೆ. ಮೂರನೇ ಸಲ ಇಳಿದು ಏದುಸಿರು ಬಿಡುತ್ತಿದ್ದಾಗ ಬಸ್ ಸ್ಟಾಪಿನಲ್ಲಿ ನಿಂತಿದ್ದ ಕಾಲೇಜು ಹುಡುಗಿಯರು "ಅಂಕಲ್, ನೀರು ಬೇಕಾ?" ಅಂತ ಕೇಳಿದರು. ಬೇಕಿತ್ತು. ಆದರೂ ಬೇಡ ಅಂದೆ.

ಆಗ ನನಗೆ 43 ವರ್ಷ, 92 ಕಿಲೋ ತೂಕ. ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1 ಬಂದಿತ್ತು. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಗಡಿಯಲ್ಲಿ ಇರುವವರು ಅಂತ ಲೆಕ್ಕ. "ಮಾತ್ರೆ ಈಗ ಬೇಡ, ವಾರಕ್ಕೆ 150 ನಿಮಿಷವಾದರೂ ಬೆವರು ಬರುವ ಹಾಗೆ ಏನಾದರೂ ಮಾಡಿ" ಅಂದರು ಡಾಕ್ಟರು. ಮಣ್ಣಪಳ್ಳದ ಕೆರೆಯ ಸುತ್ತ ಓಡಲು ಹೋದೆ. ಎರಡನೇ ವಾರಕ್ಕೆ ಎಡ ಮೊಣಕಾಲು ಊದಿಕೊಂಡಿತು. ಹಾಗೆ ಸೈಕಲ್ ನೆನಪಾಯಿತು.

ಮನೆಯಲ್ಲಿ ಒಂದು ಇತ್ತು ಕೂಡ. ಅಣ್ಣನ ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ "ಚಿಕ್ಕಪ್ಪ, ನೀವೇ ಇಟ್ಕೊಳ್ಳಿ" ಅಂತ ಬಿಟ್ಟುಹೋಗಿದ್ದ. ಮುಂದೆ ಶಾಕ್, ಹಿಂದೆ ಸೀಟಿನ ಕೆಳಗೆ ಕೆಂಪು ಬಣ್ಣದ ದಪ್ಪ ಸ್ಪ್ರಿಂಗ್. ನೋಡಲು ಬೈಕಿನಂತೆ ಭರ್ಜರಿ. ಅಕ್ಕಿ ತೂಗುವ ತಕ್ಕಡಿಯಲ್ಲಿ ಇಟ್ಟರೆ 18 ಕಿಲೋ ಚಿಲ್ಲರೆ ಬಂತು! ಏರಿನಲ್ಲಿ ಪೆಡಲ್ ಒತ್ತಿದಾಗಲೆಲ್ಲ ಹಿಂದಿನ ಸ್ಪ್ರಿಂಗ್ ಕೂತು ಏಳುತ್ತಿತ್ತು. ನನ್ನ ಕಾಲಿನ ಅರ್ಧ ಶಕ್ತಿ ಅದನ್ನು ಕುಣಿಸುವುದಕ್ಕೇ ಹೋಗುತ್ತಿತ್ತು. ಪರ್ಕಳದ ಹತ್ತಿರ ಒಂದು ಹೊಂಡಕ್ಕೆ ಬಿದ್ದ ಮೇಲೆ ಹಿಂದಿನ ಚಕ್ರ ಓಲಾಡತೊಡಗಿತು. ಸೈಕಲ್ ರಿಪೇರಿಯ ಹಿರಿಯರ ಹತ್ತಿರ ಒಯ್ದೆ. ಅವರು ಚಕ್ರ ಬಿಚ್ಚಿ, ಬಾಳೆಕಾಯಿಯ ಹಾಗೆ ಬಗ್ಗಿದ ಆಕ್ಸಲ್ ಕೈಗಿಟ್ಟರು.

"ಎಂತ ಮಾರಾಯ್ರೆ, ಇದು ಸೈಕಲ್ಲಾ ಗುಜರಿಯಾ? ನಿಮ್ಮ ತೂಕಕ್ಕೆ ಈ ಹಬ್ ಆಗುವುದಿಲ್ಲ."

ಅವತ್ತು ಅವರು ಹೇಳಿಕೊಟ್ಟ ಪಾಠಕ್ಕೆ ಈಗಲೂ ನಾನು ಋಣಿ. ಹಬ್ ಅಂದರೆ ಚಕ್ರದ ನಟ್ಟನಡುವಿನ ಭಾಗ, ಆಕ್ಸಲ್ ಅದರೊಳಗಿನ ಸರಳು. ಕಡಿಮೆ ಬೆಲೆಯ ಗೇರ್ ಸೈಕಲ್‌ಗಳಲ್ಲಿ ಹಿಂದಿನ ಹಲ್ಲುಚಕ್ರಗಳ ಗೊಂಚಲನ್ನು ಹಬ್ಬಿಗೆ ಸ್ಕ್ರೂ ತಿರುಗಿಸಿದ ಹಾಗೆ ಕೂರಿಸಿರುತ್ತಾರೆ. ಅದು ಫ್ರೀವೀಲ್. ಅದಕ್ಕೆ ಜಾಗ ಬಿಡಲು ಬಲಗಡೆಯ ಬೇರಿಂಗ್ ಒಳಕ್ಕೆ ಸರಿಯುತ್ತದೆ. ಆಗ ಆಕ್ಸಲ್‌ನ ತುದಿ ಆಧಾರವಿಲ್ಲದೆ ಉದ್ದಕ್ಕೆ ಹೊರಗೆ ಉಳಿಯುತ್ತದೆ. ಹಗುರ ಜನ ನಿಧಾನಕ್ಕೆ ಹೋದರೆ ತೊಂದರೆ ಇಲ್ಲ. 92 ಕಿಲೋದವ ಹೊಂಡಕ್ಕೆ ಬಿದ್ದರೆ ಬಗ್ಗುತ್ತದೆ. ಇನ್ನೊಂದು ಬಗೆ ಕ್ಯಾಸೆಟ್. ಅದರಲ್ಲಿ ಕಟಕಟ ಸದ್ದು ಮಾಡುವ ಯಂತ್ರ ಹಬ್ಬಿನಲ್ಲೇ ಇರುತ್ತದೆ, ಬಲಗಡೆಯ ಬೇರಿಂಗ್ ಹೊರ ಅಂಚಿನಲ್ಲಿ ಕೂರುತ್ತದೆ. ಹಿಂದೆ 7 ಗೇರ್ ಇದ್ದರೆ ಸಾಮಾನ್ಯವಾಗಿ ಫ್ರೀವೀಲ್. 9 ಇದ್ದರೆ ಹೆಚ್ಚಾಗಿ ಕ್ಯಾಸೆಟ್. 8 ಇದ್ದರೆ ಎರಡೂ ಆಗಬಹುದು, ಕೇಳಿಯೇ ತೆಗೆದುಕೊಳ್ಳಬೇಕು. ಅಂಗಡಿಯವರಿಗೇ ಗೊತ್ತಿಲ್ಲದಿದ್ದರೆ? ಎರಡು ಅಂಗಡಿಗಳಲ್ಲಿ ನನಗೆ ಅದೇ ಆಯಿತು.

ಹಾರ್ಡ್‌ಟೇಲ್ ಬೇಕು ಅಂತ ಆಗಲೇ ತೀರ್ಮಾನಿಸಿದೆ. ಮುಂದೆ ಮಾತ್ರ ಶಾಕ್, ಹಿಂದೆ ಗಟ್ಟಿ ಫ್ರೇಮ್. ತೆಳ್ಳಗಿನ ಟಯರಿನ ರೋಡ್ ಸೈಕಲ್ ಯಾಕಲ್ಲ ಅಂದರೆ, ನಮ್ಮಲ್ಲಿ ಡಾಂಬರು ಮುಗಿಯುವ ಕಡೆ ಅರ್ಧ ಅಡಿ ಇಳಿಜಾರು ಇರುತ್ತದೆ. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ ಹಾರ್ನ್ ಹೊಡೆದರೆ ಆ ಮಣ್ಣಿಗೆ ಇಳಿಯುವುದು ಬಿಟ್ಟು ಬೇರೆ ದಾರಿಯಿಲ್ಲ. ಸರಳೇಬೆಟ್ಟಿನ ಕಡೆ ಮುರಕಲ್ಲಿನ ಕೆಂಪು ದಾರಿಗಳೂ ಇವೆ, ಅಲ್ಲೆಲ್ಲ ತಿರುಗುವ ಆಸೆಯೂ ಇತ್ತು. ಬಜೆಟ್ ಹೆಲ್ಮೆಟ್, ಲೈಟು ಎಲ್ಲ ಸೇರಿ 32 ಸಾವಿರ.

ಮೊದಲ ಅಂಗಡಿಯಲ್ಲಿ ಹುಡುಗ ನನ್ನನ್ನು ಮೇಲೆ ಕೆಳಗೆ ನೋಡಿ, ಮಿಂಚುವ ಒಂದು ಸೈಕಲ್ ಎಳೆದು ತಂದ. "ಸರ್, 21 ಗೇರ್ ಉಂಟು, ಡಬಲ್ ಡಿಸ್ಕ್ ಉಂಟು, ಶಾಕ್ ಲಾಕ್ ಮಾಡ್ಬಹುದು." ಹತ್ತಿ ನೋಡಿದೆ. ಎರಡೂ ಕಾಲು ನೆಲಕ್ಕೆ ಊರಿ ನಿಂತರೆ ಮೇಲಿನ ಕಂಬಿ ಒತ್ತಬಾರದ ಜಾಗಕ್ಕೆ ಒತ್ತುತ್ತಿತ್ತು. ನನ್ನ ಎತ್ತರ 168 ಸೆಂಟಿಮೀಟರ್. ಅದು 19 ಇಂಚಿನ ಫ್ರೇಮ್. "ಸೀಟು ಇಳಿಸಿ ಕೊಡ್ತೇನೆ ಸರ್" ಅಂದ. ಸೀಟು ಇಳಿಸಿದರೆ ಕಂಬಿ ಇಳಿಯುತ್ತದಾ? ಹ್ಯಾಂಡಲ್ ಹತ್ತಿರ ಬರುತ್ತದಾ? ಅವರ ಗೋಡೌನಿನಲ್ಲಿ ಉಳಿದದ್ದು ಅದೊಂದೇ ಸೈಜು, ಅಷ್ಟೇ ವಿಷಯ. ಕಂಬಿಗೂ ತೊಡೆಗಳ ಸಂದಿಗೂ ಮೂರು ಬೆರಳಾದರೂ ಅಂತರ ಬೇಕು. ನನಗೆ ಸರಿಹೊಂದಿದ್ದು 17 ಇಂಚು.

ಗೇರಿನ ಸಂಖ್ಯೆಗೆ ಮರುಳಾಗಬೇಡಿ. ನಾನು ಮನೆಗೆ ಬಂದು ಲೆಕ್ಕ ಹಾಕಿದೆ. ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲುಗಳಿಂದ ಭಾಗಿಸಿ, ಬಂದದ್ದನ್ನು ಟಯರಿನ ಸುತ್ತಳತೆಯಿಂದ ಗುಣಿಸಿದರಾಯಿತು. 27.5 ಇಂಚಿನ ಚಕ್ರಕ್ಕೆ ಅದು ಹೆಚ್ಚುಕಡಿಮೆ 2.2 ಮೀಟರ್. ಆ 21 ಗೇರಿನ ಸೈಕಲ್‌ನಲ್ಲಿ ಮುಂದೆ 24, ಹಿಂದೆ 28. ಅತಿ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ 1.89 ಮೀಟರ್ ಮುಂದೆ ಹೋಗುತ್ತದೆ. ಮುಂದೆ ಒಂದೇ ಚಕ್ರ ಇರುವ ಹೊಸ ಶೈಲಿಯ ಒಂದು ಮಾಡೆಲ್ ನೋಡಿದ್ದೆ, 32 ಮತ್ತು 34. ಅದು 2.07 ಮೀಟರ್. ನಾನು ಕೊನೆಗೆ ಕೊಂಡದ್ದರಲ್ಲಿ ಮುಂದೆ 24, ಹಿಂದೆ 34. ಅಂದರೆ 1.55 ಮೀಟರ್. ಈ ಅಂಕಿ ಚಿಕ್ಕದಾದಷ್ಟೂ ಏರಿನಲ್ಲಿ ಕಾಲಿಗೆ ಸುಲಭ. ವೇಗ ಕಡಿಮೆ ಆಗುತ್ತದೆ, ನಡೆಯುವವರು ಪಕ್ಕದಲ್ಲೇ ಮಾತಾಡುತ್ತಾ ಬರಬಹುದು, ಆದರೆ ಇಳಿಯಬೇಕಾಗುವುದಿಲ್ಲ. ದಪ್ಪ ಇರುವವನಿಗೆ, ಮೊಣಕಾಲು ನೋವು ಇರುವವನಿಗೆ, ಕರಾವಳಿಯ ಗುಡ್ಡೆಗಳಿಗೆ ಇದಕ್ಕಿಂತ ದೊಡ್ಡ ವಿಷಯ ಸೈಕಲ್‌ನಲ್ಲಿ ಬೇರೆ ಇಲ್ಲ. ಅಂಗಡಿಯಲ್ಲಿ ನಿಂತು ಹಲ್ಲು ಎಣಿಸುವಾಗ ಮಾತ್ರ ಜನ ವಿಚಿತ್ರವಾಗಿ ನೋಡುತ್ತಾರೆ.

ಇನ್ನು ಬ್ರೇಕು. ಡಿಸ್ಕ್ ಅಂದಕೂಡಲೇ ಎಲ್ಲ ಒಂದೇ ಅಲ್ಲ. ಕೇಬಲ್ ಎಳೆಯುವ ಡಿಸ್ಕ್ ಒಂದು, ಎಣ್ಣೆ ಒತ್ತುವ ಹೈಡ್ರಾಲಿಕ್ ಇನ್ನೊಂದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ. ಕೇಬಲಿನ ಕೊಳವೆಯೊಳಗೆ ನೀರು, ಕೆಂಪು ಮಣ್ಣು ಹೋಗಿ ತುಕ್ಕು ಹಿಡಿದು, ಆಗಸ್ಟ್ ಹೊತ್ತಿಗೆ ಲಿವರ್ ಎಳೆಯಲು ಕುಸ್ತಿ ಮಾಡಬೇಕು. ಹೈಡ್ರಾಲಿಕ್ ಪೂರ್ತಿ ಮುಚ್ಚಿದ ವ್ಯವಸ್ಥೆ. ಪ್ಯಾಡ್ ಸವೆದ ಹಾಗೆ ತಾನೇ ಹತ್ತಿರ ಬರುತ್ತದೆ. ನಾನು ನೋಡಿದ ಎರಡು ಮಾಡೆಲ್‌ಗಳ ನಡುವೆ ಇದಕ್ಕಾಗಿ ನಾಲ್ಕು ಸಾವಿರ ವ್ಯತ್ಯಾಸ ಇತ್ತು. ಕೊಟ್ಟೆ. ಮಳೆಯಲ್ಲಿ ಮಣಿಪಾಲದಿಂದ ಇಳಿಯುವಾಗ ಎರಡು ಬೆರಳಿನಲ್ಲಿ 105 ಕಿಲೋ ನಿಲ್ಲುತ್ತದಲ್ಲ, ಆಗ ಆ ನಾಲ್ಕು ಸಾವಿರ ನೆನಪಾಗಿ ಖುಷಿಯಾಗುತ್ತದೆ. ಒಂದೇ ಎಚ್ಚರಿಕೆ: ಚಕ್ರ ಬಿಚ್ಚಿಟ್ಟಾಗ ಲಿವರ್ ಒತ್ತಬಾರದು. ಪಂಕ್ಚರ್ ಹಾಕುತ್ತಿದ್ದಾಗ ಮಗಳು ಸುಮ್ನೆ ಆಟಕ್ಕೆ ಒತ್ತಿದಳು. ಪ್ಯಾಡ್‌ಗಳು ಎರಡೂ ಅಂಟಿಕೊಂಡವು. ಚಪ್ಪಟೆ ಚಮಚದ ಹಿಡಿಯಿಂದ ಅವನ್ನು ಮೆಲ್ಲಗೆ ಅಗಲಿಸುವುದರಲ್ಲಿ ಅರ್ಧ ಭಾನುವಾರ ಹೋಯಿತು.

ಕೊನೆಗೆ 2025ರ ಜನವರಿಯಲ್ಲಿ 27,500ಕ್ಕೆ ಒಂದು ಸಿಕ್ಕಿತು. 6061 ದರ್ಜೆಯ ಅಲ್ಯುಮಿನಿಯಂ ಫ್ರೇಮ್, 27.5 ಚಕ್ರ, ಹಿಂದೆ 8ರ ಕ್ಯಾಸೆಟ್, ಹೈಡ್ರಾಲಿಕ್ ಬ್ರೇಕು, ತೂಕ 15 ಕಿಲೋಗಿಂತ ಸ್ವಲ್ಪ ಕಡಿಮೆ. ಅದೇ ವರ್ಷ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ನನ್ನ ಗ್ರಹಚಾರ. ಈಗ ಕೊಳ್ಳುವವರು ಬಿಲ್ಲಿನಲ್ಲಿ ಆ ಸಾಲು ನೋಡಿಕೊಳ್ಳಿ.

ನಾನು ಹಾರ್ಡ್‌ಟೇಲ್ ಕೊಂಡದ್ದೇ ಮುಂದಿನ ಶಾಕಿನ ಆಸೆಗೆ, ಅಲ್ವಾ? ಇಡೀ ಸೈಕಲ್‌ನಲ್ಲಿ ನನಗೆ ಅತ್ಯಂತ ಕಡಿಮೆ ಉಪಯೋಗಕ್ಕೆ ಬಂದದ್ದು ಅದೇ. ಈ ಬೆಲೆಗೆ ಸಿಗುವುದು ಒಳಗೆ ಸ್ಪ್ರಿಂಗ್ ಇರುವ ಭಾರದ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವೆ. ಸ್ಪ್ರಿಂಗ್ ಸಾಧಾರಣ ತೂಕದವರಿಗೆ ಹೊಂದಿಸಿದ್ದು. ನಾನು ಹತ್ತಿ ಕೂತರೇ ಅರ್ಧ ಇಳಿದುಬಿಡುತ್ತಿತ್ತು. ಮೇಲಿನ ಗುಬ್ಬಿ ತಿರುಗಿಸಿ ಬಿಗಿ ಮಾಡಿದರೂ ಹೆಚ್ಚು ಬದಲಾಗಲಿಲ್ಲ. ಗಾಳಿ ತುಂಬುವ ಫೋರ್ಕ್ ಆದರೆ ನಮ್ಮ ತೂಕಕ್ಕೆ ಸರಿಯಾಗಿ ಒತ್ತಡ ಇಡಬಹುದು, ಆದರೆ ಅದರ ಬೆಲೆಯೇ ನನ್ನ ಸೈಕಲ್‌ನ ಅರ್ಧ. ನಿಜವಾಗಿ ಕೈಗೆ ಆರಾಮ ಕೊಟ್ಟದ್ದು ಟಯರು. ಅಂಗಡಿಯಲ್ಲಿ 60 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿಸಿ ಕೊಟ್ಟಿದ್ದರು, ಕಲ್ಲಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತಿತ್ತು. ಸ್ವಲ್ಪ ಸ್ವಲ್ಪ ಇಳಿಸುತ್ತಾ ಬಂದು ಈಗ ಮುಂದೆ 38, ಹಿಂದೆ 43 ಇಡುತ್ತೇನೆ. 2.2 ಇಂಚು ದಪ್ಪದ ಟಯರು ಸಣ್ಣ ಕಲ್ಲುಗಳನ್ನು ತಾನೇ ನುಂಗುತ್ತದೆ. ಇನ್ನೂ ಇಳಿಸಿದೆ, ಒಮ್ಮೆ ರಿಮ್ಮಿಗೆ ಸಿಕ್ಕಿ ಟ್ಯೂಬ್ ಎರಡು ತೂತಾಯಿತು, ಹಾವು ಕಚ್ಚಿದ ಹಾಗೆ. ಅಲ್ಲಿಗೆ ಗಡಿ ಗೊತ್ತಾಯಿತು.

ಸೀಟಿನ ಎತ್ತರವೂ ಹಾಗೆಯೇ, ಕಾಸಿಲ್ಲದ ಔಷಧ. ಪೆಡಲ್ ಅತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಇಡುತ್ತೇವಾದ್ದರಿಂದ ಮೊಣಕಾಲು ಸ್ವಲ್ಪ ಮಡಚಿಯೇ ಇರುತ್ತದೆ. ಹೀಗೆ ಇಟ್ಟರೆ ನಿಂತಾಗ ನೆಲ ಸಿಗುವುದಿಲ್ಲ, ಮೊದಲು ಭಯವಾಗುತ್ತದೆ. ಆದರೆ ಮೊಣಕಾಲು ನೋವು ಎರಡೇ ವಾರದಲ್ಲಿ ನಿಂತಿತು.

ಏರು ಬೇಡ ಅನಿಸಿದ ದಿನ ಮಲ್ಪೆಯಿಂದ ಸೇತುವೆ ದಾಟಿ ಪಡುಕೆರೆಗೆ, ಅಲ್ಲಿಂದ ಮಟ್ಟುವಿನ ಕಡೆಗೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ರಸ್ತೆ ಸಪಾಟು. ಮಟ್ಟುಗುಳ್ಳ ಬದನೆಯ ಗದ್ದೆ ಬಂದಾಗ ನಿಲ್ಲಿಸಿ ನೀರು ಕುಡಿಯುತ್ತೇನೆ. ಈ ದಾರಿ ಮನಸ್ಸಿಗೆ ಹಿತ, ಸೈಕಲ್‌ಗೆ ವಿಷ. ಉಪ್ಪುಗಾಳಿ ಮೊದಲು ಹಿಡಿಯುವುದು ಚೈನನ್ನು, ಆಮೇಲೆ ಬೋಲ್ಟುಗಳ ತಲೆಯನ್ನು, ಆಮೇಲೆ ಫೋರ್ಕಿನ ಹೊಳೆಯುವ ಕಾಲುಗಳನ್ನು. ಮನೆಗೆ ಬಂದಕೂಡಲೇ ಬಕೆಟ್ ನೀರು, ಹಳೆ ಬನಿಯನ್ ಬಟ್ಟೆ. ಜೋರು ಪೈಪ್ ಬಿಡುವುದಿಲ್ಲ, ಬೇರಿಂಗಿನೊಳಗೆ ನೀರು ನುಗ್ಗುತ್ತದೆ. ಚೈನ್ ಒಣಗಿದ ಮೇಲೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ, ಹೆಚ್ಚಾದದ್ದನ್ನು ಒರೆಸಬೇಕು. ಒಂದು ಹನಿ ಡಿಸ್ಕಿಗೆ ತಾಗಿದರೂ ಬ್ರೇಕು ಕೀ ಅನ್ನುತ್ತದೆ, ಹಿಡಿಯುವುದಿಲ್ಲ. ಸೀಟಿನ ಕಂಬಕ್ಕೆ ಮಳೆಗಾಲಕ್ಕೆ ಮುಂಚೆ ಗ್ರೀಸ್ ಸವರಿ. ಇಲ್ಲದಿದ್ದರೆ ಫ್ರೇಮಿಗೇ ಅಂಟಿಕೊಂಡು ಮತ್ತೆ ಬರುವುದಿಲ್ಲ.

ಮೈ ಏನಾಯಿತು ಅಂತ ಕೇಳುತ್ತೀರಿ. ಮೊದಲ ಎರಡು ತಿಂಗಳು ಒಂದು ಕಿಲೋ ಕೂಡ ಇಳಿಯಲಿಲ್ಲ. ತಪ್ಪು ನನ್ನದೇ. ಮಲ್ಪೆ ಸುತ್ತಿ ಬಂದು ಎರಡು ಬನ್ಸ್, ಒಂದು ಪ್ಲೇಟ್ ಗೋಳಿಬಜೆ ಹೊಡೆಯುತ್ತಿದ್ದೆ. "ನೀವು ಸೈಕಲ್ ತುಳಿಯುವುದು ಹೊಟೇಲಿನವರ ಆರೋಗ್ಯಕ್ಕಾ?" ಅಂದಳು ಹೆಂಡತಿ. ಆಮೇಲೆ ಜೇಬಿನಲ್ಲಿ ದುಡ್ಡು ಒಯ್ಯುವುದನ್ನೇ ನಿಲ್ಲಿಸಿದೆ, ಪಂಕ್ಚರಿಗೆ ಅಂತ ಐವತ್ತು ರೂಪಾಯಿ ಮಾತ್ರ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮುಕ್ಕಾಲು ಗಂಟೆ. ಮಣಿಪಾಲದ ಏರನ್ನು ಮೂರನೇ ವಾರ ಒಮ್ಮೆಯೂ ಇಳಿಯದೆ ಹತ್ತಿದೆ. ತೂಕ ಇಳಿಯುವ ಎಷ್ಟೋ ಮೊದಲೇ ಉಸಿರು ಸುಧಾರಿಸಿತ್ತು. ವರ್ಷ ಮುಗಿಯುವಾಗ 84 ಕಿಲೋ, ಎಚ್‌ಬಿಎ1ಸಿ 5.8. ಗಡಿಯಿಂದ ಇನ್ನೂ ಪೂರ್ತಿ ಹೊರಗೆ ಬಂದಿಲ್ಲ.

ಮೊನ್ನೆ ಚೈನ್ ಅಳೆದೆ. ಮಗಳ ಶಾಲೆಯ ಸ್ಕೇಲು ಸಾಕು. ಒಂದು ಪಿನ್ನಿನಿಂದ ಹಿಡಿದು ಮುಂದಿನ 24ನೇ ಪಿನ್ನಿನವರೆಗೆ ಹೊಸ ಚೈನ್ ಸರಿಯಾಗಿ 12 ಇಂಚು ಇರುತ್ತದೆ. ಒಂದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾದರೆ ಬದಲಿಸಬೇಕು, ತಡ ಮಾಡಿದರೆ ಅದು ಕ್ಯಾಸೆಟ್‌ನ ಹಲ್ಲನ್ನೂ ತಿಂದು ಖರ್ಚು ಮೂರು ಪಟ್ಟು. ನನ್ನದು ಆ ಗೆರೆಗೆ ಬಂದು ನಿಂತಿದೆ. ಹೊಸದನ್ನು ತರಿಸಿಟ್ಟಿದ್ದೇನೆ, ಹಳೆಯದರಲ್ಲಿ ಇನ್ನೊಂದು ಸಲ ಮಟ್ಟು ಸುತ್ತಿ ಬಂದು ಹಾಕಬೇಕು.